ಕ್ವಿಲ್ಟ್ ಗುಂಪಿಗೆ ಸೇರುತ್ತೀರಾ? ಮೊದಲು ಅಂಚು ಕಟ್ಟುವ ಕೆಲಸ ಕೇಳಿ

ನಾನು ಬೇಸಿಗೆಗೆ ಸಾಗರಕ್ಕೆ ಬಂದಾಗಲೆಲ್ಲ ಅಮೆರಿಕಕ್ಕೆ ಹೊರಟವರು ಯಾರಾದರೂ ಮಾತಾಡಿಸಲು ಬರುತ್ತಾರೆ. ಮಗನ ಮನೆಗೆ ಹೊರಟ ಅಮ್ಮಂದಿರು, ಮದುವೆಯಾಗಿ, ಗಂಡನ ಕೆಲಸದ ವೀಸಾ ಮೇಲೆ ಹೆಂಡತಿಗೆ ಸಿಗುವ ಎಚ್-4 ವೀಸಾದಲ್ಲಿ ಹೊರಟ ಹುಡುಗಿಯರು. ಹಗಲೆಲ್ಲ ಅಲ್ಲಿ ಏನು ಮಾಡೋದು ಅನ್ನೋದೇ ಎಲ್ಲರ ಚಿಂತೆ. ಸೂಜಿ ಹಿಡಿಯಲು ಬರುವವರಿಗೆ ನಾನು ಹೇಳುವುದಿಷ್ಟು: ಹತ್ತಿರದಲ್ಲೊಂದು ಕ್ವಿಲ್ಟ್ ಗುಂಪು, ಅಂದರೆ ಒಟ್ಟಿಗೆ ಕೂತು ಹೊದಿಕೆ ಹೊಲಿದು ದಾನ ಕೊಡುವವರ ಗುಂಪು, ಇರುತ್ತದೆ, ಹುಡುಕಿ. ಲೈಬ್ರರಿಯ ನೋಟಿಸ್ ಬೋರ್ಡ್ ನೋಡಿ, ಕ್ವಿಲ್ಟ್ ಬಟ್ಟೆ ಮಾರುವ ಅಂಗಡಿಯಲ್ಲಿ ಕೇಳಿ. ಎಷ್ಟೋ ಗುಂಪುಗಳು ಚರ್ಚಿನ ಹಾಲ್‌ನಲ್ಲಿ ಸೇರುತ್ತವೆ. ಅದಕ್ಕೆ ಹಿಂಜರಿಯಬೇಡಿ.

ಕ್ವಿಲ್ಟ್ ಅಂದರೆ ಮೂರು ಪದರ. ಮೇಲೆ ತುಂಡು ಜೋಡಿಸಿದ ಟಾಪ್, ನಡುವೆ ಹತ್ತಿಯ ಹಾಳೆ, ಕೆಳಗೆ ಅಸ್ತರು. ಮೂರನ್ನೂ ಸೇರಿಸಿ ಹೊಲಿದು, ಸುತ್ತ ಪಟ್ಟಿ ಹಾಕಿ ಅಂಚು ಕಟ್ಟಿದರೆ ಮುಗಿಯಿತು. ಶಿಕಾರಿಪುರದ ಕಡೆಯ ಕೌದಿ ನೋಡಿದವರಿಗೆ ಇದು ಹೊಸದಲ್ಲ. ಆದರೆ ಕೌದಿಗೆ ಹಳೇ ಸೀರೆ ಹಾಕುತ್ತೇವೆ, ದಾನದ ಕ್ವಿಲ್ಟಿಗೆ ಹಳೇ ಬಟ್ಟೆ ಸಾಮಾನ್ಯವಾಗಿ ನಡೆಯುವುದಿಲ್ಲ. ಹೊಸ ಹತ್ತಿ ಬಟ್ಟೆಯೇ ಬೇಕು. ಗಾಂಧಿ ಬಜಾರಿನಿಂದ ಬ್ಲೌಸಿನ ಲೈನಿಂಗ್ ಬಟ್ಟೆ ಹೊತ್ತುಕೊಂಡು ಹೋಗಬೇಡಿ, ಅದು ತೀರಾ ತೆಳು. ಕ್ವಿಲ್ಟಿನಲ್ಲಿ ಮಾರ್ಜಿನ್ ಬಿಡುವುದು ಕಾಲು ಇಂಚು ಮಾತ್ರ. ತೆಳು ಬಟ್ಟೆಯಾದರೆ ನಾಲ್ಕು ಸಲ ಒಗೆದಾಗ ಅಲ್ಲಿ ಎಳೆ ಬಿಚ್ಚಿಕೊಳ್ಳುತ್ತದೆ. ಅಚ್ಚಿನ ಹತ್ತಿ ಬಟ್ಟೆ ಒಯ್ಯುವುದಾದರೆ ಮೊದಲೇ ಒಗೆದು, ಬಣ್ಣ ಬಿಡುತ್ತದಾ ನೋಡಿ.

ಇನ್ನೊಂದು, ನಮ್ಮ ಮಲೆನಾಡಿನವರಿಗೇ ಹೇಳಬೇಕಾದ ಮಾತು. ಟ್ರಂಕಿನಲ್ಲಿಟ್ಟ ಬಟ್ಟೆಗೆ ನುಸಿಗುಳಿಗೆ ವಾಸನೆ, ಬಚ್ಚಲೊಲೆ ಹೊಗೆ, ಮಳೆಗಾಲದ ಮುಗ್ಗಲು ಎಲ್ಲ ಸೇರಿರುತ್ತದೆ. ನಮ್ಮ ಮೂಗಿಗೆ ಗೊತ್ತೂ ಆಗಲ್ಲ. ಎಷ್ಟೋ ಸಲ ಕ್ವಿಲ್ಟ್ ಹೋಗುವುದು ಹುಷಾರಿಲ್ಲದ ಮಕ್ಕಳ ಹತ್ತಿರ. ಅಲ್ಲಿ ಯಾವ ವಾಸನೆಯೂ ಇರಬಾರದು. ಮನೆಗೆ ಕೆಲಸ ತಂದರೆ ಒಗ್ಗರಣೆಯಿಂದ ದೂರ, ಮುಚ್ಚಿದ ಚೀಲದಲ್ಲಿಡಿ.

ಈಗ ಮುಖ್ಯ ವಿಷಯ. ಹೋದ ಕೂಡಲೇ ಹೊಸ ಕ್ವಿಲ್ಟ್ ಶುರು ಮಾಡುತ್ತೇನೆ ಅನ್ನಬೇಡಿ. ಬಣ್ಣ ಆರಿಸೋದು, ತುಂಡು ಜೋಡಿಸೋದು ಎಲ್ಲರಿಗೂ ಇಷ್ಟ. ಮುಗಿಸೋಕೆ ಮಾತ್ರ ಜನ ಇಲ್ಲ. ಗುಂಪಿನ ಬೀರು ತೆಗೆದರೆ ಯಾರೋ ಅರ್ಧಕ್ಕೆ ಬಿಟ್ಟ ಟಾಪ್‌ಗಳ ರಾಶಿ. "ಅಂಚು ಕಟ್ಟುವುದಿದ್ದರೆ ಕೊಡಿ" ಅಂತ ಕೇಳಿ ನೋಡಿ, ಕುರ್ಚಿ ಎಳೆದು ಕೂರಿಸುತ್ತಾರೆ. ಆರು ತಿಂಗಳಿಗೆ ಹೋದ ಅಮ್ಮಂದಿರಿಗಂತೂ ಇದೇ ಸರಿ. ಹಿಡಿದ ಕೆಲಸ ಮುಗಿಸಿಯೇ ವಿಮಾನ ಹತ್ತಬಹುದು.

ಸೀರೆಗೆ ಫಾಲ್ ಹಚ್ಚಿದ ಕೈಗೆ ಈ ಕೆಲಸ ಸಲೀಸು. 60ಕ್ಕೆ 80 ಇಂಚಿನ ಕ್ವಿಲ್ಟ್ ಅಂದುಕೊಳ್ಳಿ. ಸುತ್ತಳತೆ 280 ಇಂಚು, ಕೊನೆಯಲ್ಲಿ ಸೇರಿಸಲು ಇನ್ನೊಂದು 10 ಇಂಚು. ಬಟ್ಟೆಯ ಅಗಲ ಸುಮಾರು 42 ಇಂಚು. ಓರೆಯಾಗಿ ಜೋಡಿಸುವಾಗ ಒಂದಿಷ್ಟು ಹೋಗುವುದರಿಂದ, ಎರಡೂವರೆ ಇಂಚಿನ 8 ಪಟ್ಟಿ ಕತ್ತರಿಸಬೇಕು. ಜೋಡಿಸಿ, ಉದ್ದಕ್ಕೆ ಅರ್ಧ ಮಡಚಿ ಇಸ್ತ್ರಿ ಮಾಡಿ. ಪಟ್ಟಿಯ ಬಿಚ್ಚಿದ ಅಂಚನ್ನು ಕ್ವಿಲ್ಟಿನ ಅಂಚಿಗೆ ಸಮ ಹಿಡಿದು, ಮುಂಭಾಗದಿಂದ ಮೆಷಿನ್ ಹಾಕಿ. ಮೂಲೆ ಬಂದಾಗ ಕಾಲು ಇಂಚು ಮೊದಲೇ ನಿಲ್ಲಿಸಿ ದಾರ ಕತ್ತರಿಸಿ. ಪಟ್ಟಿಯನ್ನು ಓರೆಯಾಗಿ ಮೇಲಕ್ಕೆ ಮಡಚಿ, ಬೆರಳಲ್ಲಿ ಒತ್ತಿ ಹಿಡಿದು, ಮತ್ತೆ ಕೆಳಕ್ಕೆ ಮಡಚಿ. ಹೊಸ ಬದಿಯ ಮೇಲಂಚಿನಿಂದ ಹೊಲಿಗೆ ಶುರು. ಪಟ್ಟಿ ಹಿಂದಕ್ಕೆ ತಿರುಗಿಸಿದಾಗ ಮೂಲೆ ತಾನೇ ಚೂಪಾಗಿ ಕೂರುತ್ತದೆ. ಆಮೇಲೆ ಕೈ ಹೆಮ್ಮಿಂಗ್. ಸೂಜಿ ಅಸ್ತರನ್ನೂ ಸ್ವಲ್ಪ ಹತ್ತಿಯನ್ನೂ ಹಿಡಿಯಬೇಕು, ಮುಂದಕ್ಕೆ ಕಾಣಬಾರದು. ಮಕ್ಕಳ ಕ್ವಿಲ್ಟ್ ಪದೇ ಪದೇ ಒಗೆಯುವಂಥದ್ದು, ಹಾಗಾಗಿ ಕೆಲವರು ಹಿಂಬದಿಗೂ ಮೆಷಿನ್ನೇ ಹಾಕಿ ಅನ್ನುತ್ತಾರೆ. ಕೇಳಿಕೊಂಡೇ ಕೂತುಕೊಳ್ಳಿ.

ಎಲ್ಲ ಗುಂಪೂ ಒಂದೇ ಕಡೆಗೆ ಕೊಡುವುದಿಲ್ಲ. 1995ರಲ್ಲಿ ಶುರುವಾದ ಪ್ರಾಜೆಕ್ಟ್ ಲೈನಸ್ ಮಕ್ಕಳಿಗೆ ಹೊದಿಕೆ ಕೊಡುತ್ತದೆ. ಕ್ವಿಲ್ಟ್ಸ್ ಆಫ್ ವ್ಯಾಲರ್ 2003ರದ್ದು, ಅದು ಯುದ್ಧ ಕಂಡ ಸೈನಿಕರಿಗೆ. ಇದರ ಲೇಬಲ್ ಮೇಲೆ ಟಾಪ್ ಜೋಡಿಸಿದವರು, ಕ್ವಿಲ್ಟ್ ಹೊಲಿದವರು, ಅಂಚು ಕಟ್ಟಿದವರು ಮೂವರ ಹೆಸರೂ ಬರೆಯುತ್ತಾರೆ. ನನಗೆ ತುಂಬಾ ಹಿಡಿಸಿದ ಪದ್ಧತಿ ಇದು.

ವಯಸ್ಸಾದವರನ್ನೂ ಅಲ್ಲಿ ಹೆಸರು ಹಿಡಿದೇ ಕರೆಯಬೇಕು. "ಆಂಟಿ" ಅಂದರೆ ತಬ್ಬಿಬ್ಬಾಗುತ್ತಾರೆ. ಊಟ ಹಂಚಿಕೊಳ್ಳುವ ದಿನ ಕೋಡುಬಳೆ ಒಯ್ಯಿರಿ, ಖಂಡಿತ ಖಾಲಿಯಾಗುತ್ತದೆ. ಎಣ್ಣೆ ಕೈ ಮಾತ್ರ ಬಟ್ಟೆಗೆ ತಾಗದಿರಲಿ. ಕೊಡುವ ಮುಂಚೆ ಕ್ವಿಲ್ಟಿನ ಮೇಲೆಲ್ಲ ಅಂಗೈ ಸವರಿ ಪಿನ್ನು ಉಳಿದಿದೆಯಾ ನೋಡಿ. ಆಮೇಲೆ ತಿರುಗಿಸಿ ಹಿಂಬದಿಯನ್ನೂ ಸವರಿ.

ನಿಮ್ಮ ಕೈಕೆಲಸ ನೋಡಿ ಯಾರಾದರೂ "ನನ್ನ ಪ್ಯಾಂಟಿನ ಉದ್ದ ಕಡಿಮೆ ಮಾಡಿಕೊಡಿ, ದುಡ್ಡು ಕೊಡುತ್ತೇನೆ" ಅನ್ನಬಹುದು. ಕೆಲಸದ ಪರವಾನಗಿ ಇಲ್ಲದೆ ದುಡ್ಡು ಮುಟ್ಟಬೇಡಿ, ಹತ್ತು ಡಾಲರ್ ಆದರೂ ಸರಿ. ದಾನದ ಹೊಲಿಗೆಗೆ ಸಂಬಳವಿಲ್ಲ, ಅದರ ಮಾತೇ ಬೇರೆ.