ತೆರೆದರೆ ಹೂಗುಚ್ಛ ಎದ್ದು ನಿಲ್ಲುವ ಬ್ರೈಡ್ಸ್‌ಮೇಡ್ ಕಾರ್ಡ್ ಮಾಡುವ ಬಗೆ

ಮದುವೆಯಲ್ಲಿ ಪಕ್ಕದಲ್ಲಿ ನಿಲ್ಲುವಂತೆ ಗೆಳತಿಯರನ್ನು ಕೇಳುವ ಕಾರ್ಡಿಗೆ ರಿಬ್ಬನ್, ಮಣಿ, ಮಿನುಗು ಎಲ್ಲ ಆಮೇಲಿನ ಮಾತು. ಮಡಿಕೆ ಸೊಟ್ಟಗಿದ್ದರೆ, ಅಂಟಿನಿಂದ ಕಾಗದ ಸುಕ್ಕಾಗಿದ್ದರೆ ಯಾವ ಅಲಂಕಾರವೂ ಅದನ್ನು ಮರೆಮಾಚುವುದಿಲ್ಲ. ಹಾಗಾಗಿ ಹೆಚ್ಚಿನ ಸಮಯವನ್ನು ಅಳತೆಗೂ ಮಡಿಕೆಗೂ ಕೊಡಿ.

ಬೇಕಾಗುವುದು ಇಷ್ಟು: ಹೊರಕವಚಕ್ಕೆ 250ರಿಂದ 300 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂಗಳಲ್ಲಿ) ದಪ್ಪದ ಎ4 ಕಾರ್ಡ್‌ಸ್ಟಾಕ್, ಒಳಹಾಳೆಗೂ ಹೂಗುಚ್ಛಕ್ಕೂ ಸುಮಾರು 160 ಜಿಎಸ್‌ಎಂ ಕಾಗದ, ಸ್ಟೀಲ್ ಸ್ಕೇಲ್, ಹೊಸ ಬ್ಲೇಡ್ ಹಾಕಿದ ಕಟರ್, ಕತ್ತರಿ, ಡಬಲ್ ಸೈಡ್ ಟೇಪ್, ಇಂಕು ಮುಗಿದ ಒಂದು ಬಾಲ್ ಪೆನ್. ಲಕೋಟೆ ಸಿ6 ಅಳತೆಯದು (114 × 162 ಮಿ.ಮೀ.). ಎಷ್ಟು ಗೆಳತಿಯರೋ ಅದಕ್ಕಿಂತ ಒಂದು ಕಾರ್ಡು ಹೆಚ್ಚಿಗೆ ಕತ್ತರಿಸಿಕೊಳ್ಳಿ, ಒಂದಾದರೂ ಕೆಡುತ್ತದೆ.

ಎ4 ಹಾಳೆಯನ್ನು ಅಡ್ಡಲಾಗಿ ಎರಡು ಭಾಗ ಮಾಡಿದರೆ 148 × 210 ಮಿ.ಮೀ. ಅಳತೆಯ ಎರಡು ಕವಚಗಳು ಸಿಗುತ್ತವೆ. ಕತ್ತರಿಸುವ ಮೊದಲು ಕಾಗದದ ನಾರು ಯಾವ ಕಡೆ ಓಡಿದೆ ನೋಡಿ. ಯಂತ್ರದಲ್ಲಿ ತಯಾರಾದ ಕಾಗದದಲ್ಲಿ ನಾರುಗಳು ಬಹುಪಾಲು ಒಂದೇ ದಿಕ್ಕಿಗೆ ಇರುತ್ತವೆ. ಹಾಳೆಯನ್ನು ಮಡಚದೆ ಸುಮ್ಮನೆ ಬಾಗಿಸಿ ನೋಡಿ. ಯಾವ ಕಡೆ ಸುಲಭವಾಗಿ ಬಾಗುತ್ತದೋ ಅದೇ ಗುಂಟ ಮಡಿಕೆ ಬರಬೇಕು. ನಾರಿಗೆ ಅಡ್ಡವಾಗಿ ಮಡಚಿದರೆ ಅಂಚು ಬಿರಿದು, ಬಣ್ಣದ ಕಾಗದವಾದರೆ ಒಳಗಿನ ಬಿಳಿ ಕಾಣಿಸುತ್ತದೆ. ನಾರು ಎ4ರ ಉದ್ದಕ್ಕೆ ಇದ್ದರೆ ಮೇಲಿನಂತೆ ಕತ್ತರಿಸಿದಾಗ ಮಡಿಕೆ ತಾನಾಗಿಯೇ ಸರಿಯಾದ ದಿಕ್ಕಿಗೆ ಬರುತ್ತದೆ. ಕೈಯಿಂದ ಮಾಡಿದ ಕಾಗದದಲ್ಲಿ ಈ ತಲೆನೋವು ಕಡಿಮೆ, ಅಲ್ಲಿ ನಾರು ಎಲ್ಲ ದಿಕ್ಕಿಗೂ ಹರಡಿರುತ್ತದೆ.

ಕವಚದ 210 ಮಿ.ಮೀ. ಬದಿಯಲ್ಲಿ 105ಕ್ಕೆ ಗುರುತು ಹಾಕಿ. ಸ್ಕೇಲ್ ಇಟ್ಟು ಖಾಲಿ ಪೆನ್ನಿನಿಂದ ಎರಡು ಮೂರು ಸಲ ಒತ್ತಿ ಗೀರಿ. ಒಂದೇ ಸಲಕ್ಕೆ ಜೋರಾಗಿ ಒತ್ತಿದರೆ ಕಾಗದ ಹರಿಯುತ್ತದೆ. ಗೀರಿದ ಕಡೆ ಗುಳಿ, ಹಿಂದುಗಡೆ ಸಣ್ಣ ಉಬ್ಬು ಮೂಡುತ್ತದೆ. ಮಡಚಿದಾಗ ಉಬ್ಬು ಒಳಗಿರಬೇಕು, ಗುಳಿ ಹೊರಗೆ. ಬಹಳ ಜನ ಇದನ್ನು ತಿರುವುಮುರುವು ಮಾಡುತ್ತಾರೆ.

ಒಳಹಾಳೆ 204 × 142 ಮಿ.ಮೀ. ಇರಲಿ, ಸುತ್ತಲೂ 3 ಮಿ.ಮೀ. ಕವಚ ಕಾಣುತ್ತದೆ. ಇದನ್ನು 102ಕ್ಕೆ ಮಡಚಿ. ಮಡಚಿದ ಸ್ಥಿತಿಯಲ್ಲೇ, ಮಡಿಕೆಯ ಅಂಚಿನ ಮೇಲೆ ಎಡತುದಿಯಿಂದ 56 ಮತ್ತು 86 ಮಿ.ಮೀ.ಗೆ ಗುರುತು ಹಾಕಿ, ಎರಡೂ ಕಡೆ 30 ಮಿ.ಮೀ. ಉದ್ದದ ಸೀಳು ಕತ್ತರಿಸಿ. ಸೀಳುಗಳ ತುದಿಯಿಂದ ತುದಿಗೆ ಗೀರಿ, ಆ ಪಟ್ಟಿಯನ್ನು ಮುಂದಕ್ಕೂ ಹಿಂದಕ್ಕೂ ಮಡಚಿ ಸಡಿಲ ಮಾಡಿ. ಈಗ ಹಾಳೆಯನ್ನು ಅರ್ಧ ತೆರೆದು ಪಟ್ಟಿಯನ್ನು ಒಳಗಡೆಗೆ ತಳ್ಳಿದರೆ ಒಂದು ಪೆಟ್ಟಿಗೆ ಎದ್ದು ನಿಲ್ಲುತ್ತದೆ. ಅದನ್ನು ಹಾಗೇ ಇಟ್ಟು ಹಾಳೆ ಮುಚ್ಚಿ, ಉಗುರಿನಿಂದ ಮಡಿಕೆಗಳನ್ನೆಲ್ಲ ತೀಡಿ. ಪೆಟ್ಟಿಗೆ ಓರೆಯಾಗಿ ಕೂತರೆ ಎರಡು ಸೀಳುಗಳ ಉದ್ದ ಒಂದೇ ಆಗಿಲ್ಲ ಎಂದರ್ಥ. ಗಿಡ್ಡ ಸೀಳನ್ನು ಕೂದಲೆಳೆಯಷ್ಟು ಉದ್ದ ಮಾಡಿ.

ಪೆಟ್ಟಿಗೆಯ ಮುಂಭಾಗಕ್ಕೆ ಅಂಟಿಸುವ ಹೂಗುಚ್ಛದ ಎತ್ತರ 65 ಮಿ.ಮೀ. ಮೀರಬಾರದು. ಕಾರ್ಡು ಮುಚ್ಚಿದಾಗ ಅದರ ಬುಡ ಮಡಿಕೆಯಿಂದ 30 ಮಿ.ಮೀ. ದೂರದಲ್ಲಿರುತ್ತದೆ. 30ಕ್ಕೆ 65 ಸೇರಿದರೆ 95, ಒಳಹಾಳೆಯ 102ರೊಳಗೇ ಉಳಿಯುತ್ತದೆ. ಎತ್ತರ ಇನ್ನೂ ಹೆಚ್ಚಿದರೆ ತುದಿ ಕಾರ್ಡಿನಾಚೆ ಇಣುಕಿ, ಕೇಳಬೇಕಾದ್ದನ್ನು ಲಕೋಟೆಯಲ್ಲೇ ಬಿಟ್ಟುಕೊಡುತ್ತದೆ. ಅಗಲ 60 ಮಿ.ಮೀ. ಇದ್ದರೆ ಸಾಕು. ಹೂಗುಚ್ಛದ ಕೆಳಗಿನ 30 ಮಿ.ಮೀ.ಗೆ ಮಾತ್ರ ಟೇಪ್ ಹಾಕಿ. ಪೆಟ್ಟಿಗೆಯ ಮೇಲ್ಮುಖಕ್ಕೂ ಅಂಟಿಕೊಂಡರೆ ಕಾರ್ಡು ಮುಚ್ಚುವುದಿಲ್ಲ. ಬಟ್ಟೆ ಹೂ, ಗುಂಡಿ ಬೇಡ. ಭಾರಕ್ಕೆ ಪಟ್ಟಿ ಜೋತು ಬೀಳುತ್ತದೆ, ಅಂಚೆಯಲ್ಲಿ ಒತ್ತಡ ಬಿದ್ದರೆ ಕವಚದ ಮೇಲೂ ಅಚ್ಚು ಮೂಡುತ್ತದೆ.

ಬರೆಯುವ ಕೆಲಸ ಅಂಟಿಸುವ ಮೊದಲೇ ಮುಗಿಯಲಿ. ಅಕ್ಷರ ಕೆಟ್ಟರೆ ಒಂದು ಹಾಳೆ ಮಾತ್ರ ಹೋಗುತ್ತದೆ. “ನನ್ನ ಬ್ರೈಡ್ಸ್‌ಮೇಡ್ ಆಗ್ತೀಯಾ?” ಎಂಬ ಸಾಲಿಗೆ ಹೂಗುಚ್ಛದ ಮುಂದೆ 72 ಮಿ.ಮೀ. ಜಾಗವಿದೆ. ಪೆನ್ಸಿಲಿನಲ್ಲಿ ತೆಳುವಾಗಿ ಗೆರೆ ಎಳೆದು 0.5 ಮಿ.ಮೀ. ಜೆಲ್ ಪೆನ್ನಿನಲ್ಲಿ ಬರೆಯಿರಿ, ಶಾಯಿ ಪೂರ್ತಿ ಒಣಗುವ ತನಕ ರಬ್ಬರ್ ಮುಟ್ಟಬೇಡಿ. ಕೈಕಾಗದವಾದರೆ ತುಂಡೊಂದರ ಮೇಲೆ ಬರೆದು ಶಾಯಿ ಹರಡುತ್ತದೆಯೇ ನೋಡಿ. ಮದುವೆ ದಿನಾಂಕ, ಉಡುಗೆಯ ಖರ್ಚು ಯಾರದು, ಎಷ್ಟು ದಿನ ಬಿಡುವು ಬೇಕು, ಇವನ್ನು ಬೇರೆ ಚೀಟಿಯಲ್ಲಿ ಬರೆದು ಲಕೋಟೆಗೆ ಹಾಕಿ. ಖರ್ಚಿನ ವಿಷಯ ತಿಳಿಯದೆ ಹೂಂ ಅಂದವಳು ಆಮೇಲೆ ಇಕ್ಕಟ್ಟಿಗೆ ಸಿಲುಕುತ್ತಾಳೆ. “ಆಗದಿದ್ದರೂ ಬೇಜಾರಿಲ್ಲ” ಎಂಬ ಒಂದು ಸಾಲು ಆ ಚೀಟಿಯಲ್ಲಿರಲಿ.

ಕೊನೆಗೆ ಜೋಡಣೆ. ನೀರಿನಂಶದ ಬಿಳಿ ಗೋಂದು ಬೇಡವೇ ಬೇಡ ಎನ್ನಬೇಕು: ಕಾಗದ ಒದ್ದೆಯಾಗಿ ಹಿಗ್ಗಿ, ಒಣಗುವಾಗ ಕುಗ್ಗಿ ಸುರುಳಿಯಾಗುತ್ತದೆ. ಟೇಪೇ ಒಳ್ಳೆಯದು. ಒಳಹಾಳೆಯ ಒಂದು ಅರ್ಧದ ಬೆನ್ನಿಗೆ ಮಾತ್ರ ಟೇಪ್ ಹಚ್ಚಿ. ಮಡಿಕೆಯಿಂದ 2 ಮಿ.ಮೀ. ಬಿಡಿ, ಪೆಟ್ಟಿಗೆಯ ಬೆನ್ನಿಗಂತೂ ತಾಗಿಸಲೇಬೇಡಿ. ಮಡಿಕೆಗೆ ಮಡಿಕೆ ಕೂರಿಸಿ ಅಂಟಿಸಿ. ಒಳಹಾಳೆಯನ್ನು ಮಡಚಿಟ್ಟು, ಮೇಲೆ ಬಂದ ಅರ್ಧಕ್ಕೆ ಟೇಪ್ ಹಚ್ಚಿ, ಕವಚವನ್ನು ಅದರ ಮೇಲೆ ಮುಚ್ಚಿ ಒತ್ತಿ. ಕಾರ್ಡು ಬಿಚ್ಚಿಟ್ಟು ಎರಡೂ ಕಡೆ ಒಟ್ಟಿಗೆ ಅಂಟಿಸಿದರೆ ಮುಚ್ಚುವಾಗ ಒಳಹಾಳೆ ಮಡಿಕೆಯ ಬಳಿ ಉಬ್ಬಿ ಸುಕ್ಕಾಗುತ್ತದೆ. ಒಂದು ರಾತ್ರಿ ದಪ್ಪ ಪುಸ್ತಕಗಳ ಕೆಳಗಿಟ್ಟು, ಮರುದಿನ ನಾಲ್ಕೈದು ಸಲ ತೆರೆದು ಮುಚ್ಚಿ ನೋಡಿದ ಮೇಲೆಯೇ ಲಕೋಟೆಗೆ ಹಾಕಿ.