ಹತ್ತಡಿ ಮನೆಯಲ್ಲಿ ನಾವಿಬ್ಬರು, ದಾಸು ಮತ್ತು ನೆಂಟರು

ನಮ್ಮ ನಾಯಿ ದಾಸು ಮಲಗುವ ಜಾಗ ಮೂರು ಅಡಿ ಉದ್ದ, ಎರಡು ಅಡಿ ಅಗಲ. ಮನೆ ಮಾಡಿಕೊಳ್ಳಲು ಹೊರಟ ವ್ಯಾನಿನೊಳಗೆ ಸೀಮೆಸುಣ್ಣದಲ್ಲಿ ಮೊದಲ ಗುರುತು ಹಾಕಬೇಕಿದ್ದದ್ದು ಆ ಜಾಗಕ್ಕೆ. ನಾವು ಹಾಗೆ ಮಾಡಲಿಲ್ಲ. ನಮ್ಮಿಬ್ಬರ ಮಂಚ, ಒಲೆಕಟ್ಟೆ, ಬಟ್ಟೆಯ ಕಪಾಟು ಎಲ್ಲ ಕೂರಿಸಿದೆವು. ಉಳಿದ ಮೂಲೆಯಲ್ಲಿ ನಾಯಿ ಹೇಗೋ ಮಲಗುತ್ತದೆ, ನೆಂಟರು ಬಂದಾಗ ಹೇಗೋ ಸುಧಾರಿಸಿದರಾಯಿತು ಅಂದುಕೊಂಡೆವು. ಹತ್ತು ತಿಂಗಳಿಗೆ ಅದನ್ನೆಲ್ಲ ಬಿಚ್ಚಿ ಮತ್ತೆ ಕಟ್ಟಬೇಕಾಯಿತು. ವ್ಯಾನಿನಲ್ಲಿ ನಮಗೀಗ ಮೂರನೇ ವರ್ಷ. ವ್ಯಾನ್ ಮನೆ ಮಾಡಲು ಹೊರಟವರು ಕೇಳಿದಾಗೆಲ್ಲ ನಾನು ಹೇಳುವುದು ಒಂದೇ: ನಾಯಿಗೂ ನೆಂಟರಿಗೂ ಮೊದಲು ಜಾಗ ತೆಗೆದಿಡಿ, ಉಳಿದದ್ದರಲ್ಲಿ ನೀವು ಹೊಂದಿಕೊಳ್ಳಿ.

ನಮ್ಮನೆಯವರಿಗೆ ಶಿವಮೊಗ್ಗದಲ್ಲಿ ಗ್ಯಾರೇಜ್ ಇತ್ತು. ಅರವತ್ತು ತುಂಬಿದ ಮೇಲೆ ಕೈಕೆಳಗೆ ಕಲಿತ ಹುಡುಗನಿಗೇ ಬಿಟ್ಟುಕೊಟ್ಟರು. ಅಣ್ಣನ ಮನೆ ತೀರ್ಥಹಳ್ಳಿಯಿಂದ ಒಳಗೆ, ನಾದಿನಿಯದು ಸಾಗರದ ಕಡೆ. ಅಮ್ಮ ಸ್ವಲ್ಪ ದಿನ ಅಣ್ಣನ ಹತ್ತಿರ, ಸ್ವಲ್ಪ ದಿನ ಹೊಸನಗರದಲ್ಲಿ ತಂಗಿಯ ಹತ್ತಿರ. ಕೊಯ್ಲು, ಹಬ್ಬ, ಬಾಣಂತನ, ಅಮ್ಮನಿಗೆ ಹುಷಾರಿಲ್ಲ ಅಂತ ತಿಂಗಳಲ್ಲಿ ಹದಿನೈದು ದಿನ ನಾವು ತಿರುಗುತ್ತಲೇ ಇರುತ್ತಿದ್ದೆವು. ಪ್ರತಿಸಲ ದಾಸುವನ್ನು ಪಕ್ಕದ ಮನೆಗೆ ಒಪ್ಪಿಸಿ ಹೋದರೆ, ನಾವು ಬರುವಷ್ಟರಲ್ಲಿ ಅವನು ಊಟ ಬಿಟ್ಟು ಗೇಟಿನ ಬುಡದಲ್ಲಿ ಮುದುರಿಕೊಂಡಿರುತ್ತಿದ್ದ. ಅದನ್ನು ನೋಡಲಾಗದೆ ಇವರು ಒಂದು ದಿನ ಹಳೇ ಟೆಂಪೋ ಟ್ರಾವೆಲರ್ ಒಂದಕ್ಕೆ ಮುಂಗಡ ಕೊಟ್ಟು ಬಂದರು. ಬಾಡಿಗೆ ಮನೆ ಬಿಟ್ಟೆವು.

ಕಾಗದಪತ್ರದ ಮಾತು ಮೊದಲೇ ಹೇಳಿಬಿಡುತ್ತೇನೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿರುವ ವಿವರಕ್ಕೂ ಗಾಡಿಗೂ ತಾಳೆಯಾಗದಂಥ ಬದಲಾವಣೆ ಮಾಡುವಂತಿಲ್ಲ. ಸೀಟು ಬಿಚ್ಚುವ ಮೊದಲೇ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ, ಅನುಮತಿ ತೆಗೆದುಕೊಂಡು ಆಮೇಲೆ ಸ್ಪ್ಯಾನರ್ ಹಿಡಿಯಿರಿ. ವಿಮೆಯವರಿಗೂ ತಿಳಿಸಿರಬೇಕು.

ಒಳಗೆ ಹತ್ತು ಅಡಿ ಉದ್ದ, ಐದೂವರೆ ಅಡಿ ಅಗಲ. ಐದು ಕೆಜಿಯ ಗ್ಯಾಸ್ ಸಿಲಿಂಡರ್, ಎಂಬತ್ತು ಲೀಟರಿನ ನೀರಿನ ಟ್ಯಾಂಕ್, ಮೇಲೆ 200 ವ್ಯಾಟಿನ ಎರಡು ಸೋಲಾರ್ ಪ್ಯಾನೆಲ್. ಸಿಲಿಂಡರಿನ ಪೆಟ್ಟಿಗೆಯ ತಳದಲ್ಲಿ ಹೊರಗೆ ತೆರೆಯುವ ತೂತು ಇರಲೇಬೇಕು. ಅಡುಗೆ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲಮಟ್ಟದಲ್ಲೇ ತುಂಬಿಕೊಳ್ಳುತ್ತದೆ. ನಮ್ಮ ವ್ಯಾನಿನಲ್ಲಿ ನೆಲಮಟ್ಟದಲ್ಲಿ ಮಲಗುವವನು ದಾಸು. ಸೋಲಾರ್ ಬೇಸಿಗೆಯಲ್ಲಿ ಬೇಕಾದಷ್ಟಾಯಿತು. ಆದರೆ ಅಡಿಕೆ ತೋಟದ ನೆರಳಲ್ಲಿ, ಆಷಾಢದ ಮೋಡದಡಿ ಅದರಿಂದ ಫೋನ್ ಚಾರ್ಜ್ ಆದರೆ ಹೆಚ್ಚು. ಆಗ ನೆಂಟರ ಮನೆ ಪ್ಲಗ್ಗಿಗೆ ಉದ್ದ ವೈರು ಎಳೆಯುತ್ತೇವೆ. ಕರೆಂಟಿನ ದುಡ್ಡು ಕೊಡುತ್ತೇವೆಂದರೆ ಯಾರೂ ತೆಗೆದುಕೊಳ್ಳುವುದಿಲ್ಲ. ಅದಕ್ಕೆ ಹೋಗುವಾಗ ಸಕ್ಕರೆ, ಕಾಫಿಪುಡಿ, ಎಣ್ಣೆ ತುಂಬಿಕೊಂಡೇ ಹೋಗುತ್ತೇನೆ.

ಮೊದಲ ಸಲ ಅಣ್ಣನ ಅಂಗಳದಲ್ಲಿ ವ್ಯಾನ್ ನಿಲ್ಲಿಸಿ, ರಾತ್ರಿ ಊಟ ಮುಗಿಸಿ ನಾವು ಹೊರಗೆ ಹೊರಟಾಗ ಅತ್ತಿಗೆಯ ಕಣ್ಣಲ್ಲಿ ನೀರು ಬಂತು. "ಇಷ್ಟು ದೊಡ್ಡ ಮನೆ ಖಾಲಿ ಬಿದ್ದಿರುವಾಗ ಗಾಡೀಲಿ ಹೋಗಿ ಮಲಗ್ತೀಯಲ್ಲೇ ಮಾರಾಯ್ತಿ, ನಾನು ಏನು ಕಡಿಮೆ ಮಾಡಿದೆ?" ಅಂದರು. ಆ ಮಾತು ನನ್ನನ್ನು ತಿಂಗಳುಗಟ್ಟಲೆ ಕಾಡಿತು. ಮಲೆನಾಡಿನಲ್ಲಿ ನೆಂಟರು ಬಂದರೆ ಹಾಸಿಗೆ ಹಾಸಿ ಕೊಡುವುದೇ ಪ್ರೀತಿ. ಹಾಸಿಗೆ ಬೇಡ ಅಂದರೆ ಮನೆಯನ್ನೇ ಬೇಡ ಅಂದ ಹಾಗೆ. ಬಹಳ ಯೋಚಿಸಿ ಒಂದು ಕ್ರಮ ಮಾಡಿಕೊಂಡೆವು. ಸ್ನಾನ ಅವರ ಬಚ್ಚಲಲ್ಲೇ, ಹಂಡೆಯ ಬಿಸಿನೀರಲ್ಲೇ. ರಾತ್ರಿ ಊಟ ಅವರ ಮನೆಯಲ್ಲೇ, ಬಡಿಸಲು ನಾನೂ ಕೈಹಾಕುತ್ತೇನೆ. ಬೆಳಗಿನ ತಿಂಡಿ ಮಾತ್ರ ಮನೆಮಂದಿಗೆಲ್ಲ ನಮ್ಮಲ್ಲಿ. ವ್ಯಾನಿನ ಪಕ್ಕ ಟಾರ್ಪಾಲು ಎಳೆದು, ಚಾಪೆ ಹಾಸಿ, ಬಿಸಿ ಬಿಸಿ ಅಕ್ಕಿರೊಟ್ಟಿ ತಟ್ಟಿ ಹಾಕುತ್ತೇನೆ. ಮದುವೆಯಾದಾಗಿನಿಂದ ಬೆಳಗ್ಗೆ ಐದಕ್ಕೆದ್ದು ಒಲೆ ಮುಂದೆ ಕೂರುವ ಅತ್ತಿಗೆ ಈಗ ನಾವು ಬಂದ ದಿನಗಳಲ್ಲಿ ಮಾತ್ರ ಸೆರಗಿಗೆ ಕೈ ಒರೆಸಿಕೊಳ್ಳದೆ ಕೂತು ತಿಂಡಿ ತಿನ್ನುತ್ತಾರೆ. ಹೊರಡುವ ದಿನ ಅವರೇ "ಮುಂದಿನ ಸಲ ಯಾವಾಗ?" ಅಂತ ಕೇಳುತ್ತಾರೆ.

ಇನ್ನು ಮಳೆಗಾಲ. ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆ ಅಣ್ಣನ ಮನೆಯಿಂದ ದೂರವೇನಲ್ಲ. ಆ ಸೀಮೆಯಲ್ಲಿ ತಗಡಿನ ಡಬ್ಬಿಯೊಳಗೆ ಬದುಕುವವರಿಗೆ ಮೇಲಿಂದ ಬೀಳುವ ನೀರಿಗಿಂತ ಒಳಗೆ ಹುಟ್ಟುವ ನೀರೇ ದೊಡ್ಡ ಕಾಟ. ಒಬ್ಬ ಮನುಷ್ಯನ ಉಸಿರು, ಬೆವರಿನಲ್ಲೇ ರಾತ್ರಿಗೆ ಒಂದು ದೊಡ್ಡ ಲೋಟ ನೀರು ಹೋಗುತ್ತದೆ. ಒಂದು ಕೆಜಿ ಗ್ಯಾಸ್ ಉರಿದರೆ ಒಂದೂವರೆ ಲೀಟರಿಗೂ ಮಿಕ್ಕಿ ನೀರು ಆವಿಯಾಗಿ ಹೊರಬರುತ್ತದೆ. ಒದ್ದೆ ನಾಯಿಯದು ಬೇರೆ. ಇದು ನಮಗೆ ಗೊತ್ತಾದದ್ದು ಮಗಳು ಬಂದ ಆ ಮೂರು ದಿನಗಳಲ್ಲಿ.

ಜುಲೈ ತಿಂಗಳು. ಮಗಳು, ಅಳಿಯ, ಐದು ವರ್ಷದ ಮೊಮ್ಮಗ ರಾತ್ರಿ ರೈಲಿಗೆ ಹೊರಟು ಬೆಳಗ್ಗೆ ಸಾಗರ ಜಂಬಗಾರು ನಿಲ್ದಾಣದಲ್ಲಿ ಇಳಿದರು. ಶರಾವತಿ ಹಿನ್ನೀರು ನೋಡಬೇಕೆಂದು ಪರಿಚಯದವರ ತೋಟದ ಅಂಚಿನಲ್ಲಿ ವ್ಯಾನ್ ನಿಲ್ಲಿಸಿದೆವು. ಹತ್ತಿರ ಮನೆಯಿಲ್ಲ. ಸಂಜೆ ಹಿಡಿದ ಮಳೆ ಬಿಡಲೇ ಇಲ್ಲ. ಕಿಟಕಿ ಮುಚ್ಚಿ ಒಳಗೇ ಅನ್ನ, ಸಾರು ಮಾಡಿದೆ. ಐದು ಜನ, ಒಂದು ನಾಯಿ, ಎಂಟು ಒದ್ದೆ ಬಟ್ಟೆ. ಬೆಳಗಿನ ಜಾವ ಮೊಮ್ಮಗ "ಅಜ್ಜಿ, ಮಳೆ ಒಳಗೆ ಬರ್ತಿದೆ" ಅಂತ ಎಬ್ಬಿಸಿದ. ನೋಡಿದರೆ ಚಾವಣಿಯ ತಗಡಿನಿಂದ ಹನಿ ತೊಟ್ಟಿಕ್ಕುತ್ತಿದೆ. ಸೋರಿಕೆ ಇರಲಿಲ್ಲ, ನಮ್ಮದೇ ಉಸಿರು ತಣ್ಣಗಾಗಿ ಹನಿಯುತ್ತಿತ್ತು. ಹಾಸಿಗೆ ಎತ್ತಿದರೆ ಹಲಗೆ ಒದ್ದೆ, ಅಡಿಯಲ್ಲಿ ಬೂದುಬಣ್ಣದ ಬೂಷ್ಟು. ದಾಸುಗೆ ಮಲಗಲು ಜಾಗವಿಲ್ಲದೆ ರಾತ್ರಿಯಿಡೀ ಡ್ರೈವರ್ ಸೀಟಿನ ಬುಡದಲ್ಲಿ ಕೂತೇ ತೂಕಡಿಸಿದ್ದ. ಮಗುವಿಗೆ ಕೆಮ್ಮು ಹತ್ತಿತು. ಮೂರನೇ ದಿನ ಮಗಳು ಏನೂ ಹೇಳದೆ ಹೊರಟಳು. ಅವಳು ಬೈದಿದ್ದರೆ ಇಷ್ಟು ಬೇಜಾರಾಗುತ್ತಿರಲಿಲ್ಲ.

ಆಮೇಲೆ ಎಲ್ಲ ಬಿಚ್ಚಿದೆವು. ಜಾರುಬಾಗಿಲಿನ ಪಕ್ಕ, ಮಂಚದ ಕೆಳಗೆ ದಾಸುವಿನ ಗೂಡು. ಹೊರಗಿಂದ ಬಂದವನು ಬೇರೆಲ್ಲೂ ತುಳಿಯದೆ ನೇರ ಒಳಗೆ ಹೋಗಬಹುದು, ಕೆಸರು ಅಲ್ಲಿಗೇ ನಿಲ್ಲುತ್ತದೆ. ನೆಲಕ್ಕೆ ರಬ್ಬರ್ ಶೀಟು, ಮೇಲೆ ಒಗೆಯಬಹುದಾದ ಗೋಣಿ. ಮಂಚದ ಪ್ಲೈವುಡ್ ತೆಗೆದು ಎರಡೆರಡು ಬೆರಳು ಸಂದು ಬಿಟ್ಟ ಪಟ್ಟಿ ಜೋಡಿಸಿದೆವು, ಹಾಸಿಗೆಯ ಅಡಿಗೆ ಗಾಳಿ ಬೇಕು. ಚಾವಣಿಯಲ್ಲಿ ಹೊರಗೆಳೆಯುವ ಸಣ್ಣ ಫ್ಯಾನ್, ಎರಡೂ ಬದಿಯ ಕಿಟಕಿಗೆ ಮಳೆತಡೆ. ಎಂಥ ಮಳೆಯಿದ್ದರೂ ಎರಡು ಕಿಟಕಿ ಒಂದೊಂದು ಅಂಗುಲ ತೆರೆದಿರಲೇಬೇಕು. ಒಲೆ ಬಾಗಿಲಿನ ಹೊರಕ್ಕೆ ಮಡಚಿ ತೆರೆಯುವ ಹಲಗೆಯ ಮೇಲೆ, ಟಾರ್ಪಾಲಿನಡಿ. ಒಳಗೆ ಈಗ ಹಾಲು ಕಾಯಿಸುವುದು ಬಿಟ್ಟರೆ ಏನೂ ಇಲ್ಲ. ಒಂದೆಲಗದ ತಂಬುಳಿ ಈ ಬದುಕಿಗೆಂದೇ ಹುಟ್ಟಿದ ಅಡುಗೆ. ಎಲೆಯನ್ನು ಕಾಯಿ, ಜೀರಿಗೆ, ಮೆಣಸಿನ ಜೊತೆ ಬೀಸಿ ಮಜ್ಜಿಗೆಗೆ ಬೆರೆಸಿದರೆ ಮುಗಿಯಿತು, ಒಲೆಯೇ ಹೊತ್ತಿಸಬೇಕಾಗಿಲ್ಲ.

ಮಗಳ ಮನೆಯವರು ಬಂದಾಗ ಈಗ ವ್ಯಾನ್ ಪೂರ್ತಿ ಅವರದ್ದು. ನಾವಿಬ್ಬರು ಅಣ್ಣನ ಅಥವಾ ನಾದಿನಿಯ ಮನೆ ಜಗಲಿಯಲ್ಲಿ ಮಲಗುತ್ತೇವೆ. ಯಾರ ಮನೆಯೂ ಇಲ್ಲದ ಕಡೆ ಅವರನ್ನು ಕರೆಯುವುದೇ ಇಲ್ಲ. ನೀರಿನ ವಿಷಯ ಅವರು ಬಂದ ಗಳಿಗೆಯಲ್ಲೇ ಹೇಳಿಬಿಡುತ್ತೇನೆ. ನಮ್ಮಿಬ್ಬರಿಗೂ ದಾಸುವಿಗೂ ಸೇರಿ ದಿನಕ್ಕೆ ಮೂವತ್ತು ಲೀಟರ್ ಸಾಕು. ನಲ್ಲಿ ಬಿಟ್ಟುಕೊಂಡು ಹಲ್ಲುಜ್ಜುವ ಒಬ್ಬರು ಬಂದರೆ ಟ್ಯಾಂಕ್ ಮಧ್ಯಾಹ್ನಕ್ಕೇ ಖಾಲಿ. ಅಳಿಯನಿಗೆ ಹೇಳಲು ಮೊದಮೊದಲು ಸಂಕೋಚವಾಗುತ್ತಿತ್ತು. ಈಗ ಅವರೇ ಕೊಡಪಾನ ಹಿಡಿದು ಬಾವಿಗೆ ಹೋಗುತ್ತಾರೆ.

ನಾಯಿಯ ಜೊತೆ ಮಲೆನಾಡಿನಲ್ಲಿ ಇರುವವರಿಗೆ ಉಣುಗಿನ, ಅಂದರೆ ರಕ್ತ ಹೀರುವ ಉಣ್ಣೆಯ, ಮಾತು ಎಷ್ಟು ಹೇಳಿದರೂ ಕಡಿಮೆ. ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು ನಮ್ಮ ಜಿಲ್ಲೆಯಲ್ಲೇ, 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಚಳಿಗಾಲ ಶುರುವಾದಾಗಿನಿಂದ ಮುಂಗಾರು ಹಿಡಿಯುವವರೆಗೆ ಅದರ ಕಾಲ. ನಾಯಿ ದರಗಿನಲ್ಲಿ ಹೊರಳಿ ಉಣುಗು ಹೊತ್ತು ತಂದರೆ ಅದು ಬರುವುದು ನಮ್ಮ ಹಾಸಿಗೆಗೇ. ಆ ತಿಂಗಳುಗಳಲ್ಲಿ ಕಾಡಿನಂಚಿನಲ್ಲಿ ವ್ಯಾನ್ ನಿಲ್ಲಿಸುವುದಿಲ್ಲ, ಮಂಗ ಸತ್ತ ಸುದ್ದಿ ಇರುವ ಕಡೆಗಂತೂ ಹೋಗುವುದೇ ಇಲ್ಲ. ದಾಸುಗೆ ಮೂರು ತಿಂಗಳಿಗೊಮ್ಮೆ ಪಶುವೈದ್ಯರು ಬರೆದುಕೊಟ್ಟ ಗುಳಿಗೆ. ಅದಿದ್ದರೂ ದಿನಾ ಸಂಜೆ, ಒಳಗೆ ಬಿಡುವ ಮೊದಲು, ಅವನನ್ನು ಮೆಟ್ಟಿಲ ಮೇಲೆ ನಿಲ್ಲಿಸಿ ಬ್ಯಾಟರಿ ಹಿಡಿದು ನೋಡುತ್ತೇನೆ. ಕಿವಿಯ ಒಳಮಡಿಕೆ, ಕಂಕುಳ, ಬೆರಳ ಸಂದು, ಬಾಲದ ಬುಡ. ಕಂಡರೆ ಕೈಗೆ ಚೀಲ ಹಾಕಿಕೊಂಡು, ಚಿಮಟದಲ್ಲಿ ಚರ್ಮಕ್ಕೆ ತಾಗಿ ಹಿಡಿದು ನೇರ ಮೇಲಕ್ಕೆ ಎಳೆಯುತ್ತೇನೆ. ಉಗುರಿನಲ್ಲಿ ಹೊಸಕಬಾರದು. ಸ್ಪಿರಿಟ್ ಬಾಟಲಿಗೆ ಹಾಕಿ ಮುಚ್ಚಳ ಬಿಗಿಯುತ್ತೇನೆ. ಹತ್ತು ನಿಮಿಷದ ಕೆಲಸ, ಮೂರು ವರ್ಷದಲ್ಲಿ ಒಂದು ದಿನವೂ ತಪ್ಪಿಸಿಲ್ಲ. ಮಳೆಗಾಲದಲ್ಲಿ ಉಣುಗಿನ ಬದಲು ಇಂಬಳ, ಅಂದರೆ ಜಿಗಣೆ. ಅದಕ್ಕೆ ಉಪ್ಪುನೀರಲ್ಲಿ ಅದ್ದಿದ ಬಟ್ಟೆ ಸಾಕು. ಇನ್ನೊಂದು ಮಾತು, ರಾತ್ರಿ ನಾಯಿಯನ್ನು ವ್ಯಾನಿನ ಚಕ್ರಕ್ಕೆ ಕಟ್ಟಿ ಮಲಗಬೇಡಿ. ಈ ಕಡೆ ಎಷ್ಟೋ ಮನೆಗಳಲ್ಲಿ ಕಟ್ಟಿದ ನಾಯಿಯನ್ನು ಕಿರುಬ, ಅಂದರೆ ಚಿರತೆ, ಎತ್ತಿಕೊಂಡು ಹೋಗಿದೆ, ಬೆಳಗ್ಗೆ ಸರಪಳಿ ಮಾತ್ರ ಉಳಿದಿರುತ್ತದೆ.

ಅಡಿಕೆಯಿಂದಲೂ ಅಪಾಯವಿದೆ ಅಂತ ಗೊತ್ತಾದದ್ದು ಕೊಯ್ಲಿನ ಹೊತ್ತಿನಲ್ಲಿ. ಅಂಗಳದ ತುಂಬ ಗೊನೆ ರಾಶಿ, ಸುಲಿಯುವವರ ಗಲಾಟೆ. ದಾಸು ಮೂಲೆಯಲ್ಲಿ ಏನೋ ಕಡಿಯುತ್ತಿದ್ದ, ಯಾರೂ ಗಮನಿಸಲಿಲ್ಲ. ಸ್ವಲ್ಪ ಹೊತ್ತಿಗೆ ಬಾಯಿಂದ ಜೊಲ್ಲು ಹಗ್ಗದಂತೆ ಇಳಿಯತೊಡಗಿತು, ಭೇದಿ, ಹಿಂಗಾಲು ನಡುಕ. ಹಸಿ ಅಡಿಕೆ ತಿಂದಿದ್ದ. ಗಾಡಿಗೆ ಹಾಕಿಕೊಂಡು ತೀರ್ಥಹಳ್ಳಿಗೆ ಓಡಿದೆವು, ಇಂಜೆಕ್ಷನ್ ಕೊಟ್ಟ ಮೇಲೆ ರಾತ್ರಿ ಹೊತ್ತಿಗೆ ಸುಧಾರಿಸಿದ. ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ಸತ್ವವನ್ನು ಹಿಂದೆ ನಾಯಿಗಳ ಲಾಡಿಹುಳ ಬೀಳಿಸಲು ಕೊಡುತ್ತಿದ್ದರಂತೆ, ಕರುಳನ್ನೇ ಹಿಂಡುವಂಥ ಮದ್ದು. ಈಗ ಕೊಯ್ಲಿನಲ್ಲಿ ಅವನ ಹಗ್ಗ ನನ್ನ ಸೊಂಟದಲ್ಲೇ. ಕೊಳೆರೋಗಕ್ಕೆ ಔಷಧಿ ಹೊಡೆಯುವ ದಿನಗಳಲ್ಲಿ ಮೈಲುತುತ್ತಿನ ಡ್ರಮ್ ಇರುವ ಅಂಗಳಕ್ಕೆ ಹೋಗುವುದೇ ಇಲ್ಲ.

ಕೊನೆಗೆ ಅಮ್ಮನ ವಿಷಯ. ಅಮ್ಮನಿಗೆ ಎಂಬತ್ತೆರಡು, ಮಡಿ ಬಿಟ್ಟವಳಲ್ಲ. ನಾಯಿ ಸೋಕಿದರೆ ಎಷ್ಟು ಹೊತ್ತಾದರೂ ಸ್ನಾನ ಮಾಡಿಯೇ ಊಟ. ಮೊದಲ ವರ್ಷ ನಮ್ಮ ವ್ಯಾನಿನ ಹತ್ತಿರಕ್ಕೂ ಬರಲಿಲ್ಲ. ಅವಳ ನಂಬಿಕೆ ತಪ್ಪು ಅಂತ ವಾದ ಮಾಡಲು ನನಗೆ ಮನಸ್ಸು ಬರಲಿಲ್ಲ, ದಾಸುವನ್ನು ಹೊರಗೆ ಹಾಕಲೂ ಬರಲಿಲ್ಲ. ಎರಡನೇ ಸಲ ಕಟ್ಟುವಾಗ ಇವರೇ ಒಂದು ದಾರಿ ಹುಡುಕಿದರು. ದಾಸುವಿನ ಗೂಡಿಗೂ ಕೂರುವ ಜಾಗಕ್ಕೂ ನಡುವೆ ಮೊಣಕಾಲೆತ್ತರದ ಹಲಗೆ, ಬೇಕಾದಾಗ ಏರಿಸಬಹುದು, ಇಳಿಸಬಹುದು. ಅಮ್ಮನಿಗೆ ಹತ್ತಲು ಹಿಂಬಾಗಿಲಿಗೆ ಹಲಸಿನ ಮರದ ಎರಡು ತಗ್ಗು ಮೆಟ್ಟಿಲು, ಪಕ್ಕದಲ್ಲಿ ಹಿಡಿಕೆ. ಹೋದ ಚೈತ್ರದಲ್ಲಿ ಅಮ್ಮ ಹಿಡಿಕೆ ಹಿಡಿದು ಹತ್ತಿದಳು. ಹಲಗೆಯ ಆಚೆಯಿಂದ ದಾಸು ಮೂಗು ಮೇಲೆ ಮಾಡಿ ಮೂಸಿದ, ಕಟ್ಟಿದ ಜಾಗದಿಂದ ಅಲ್ಲಾಡಲಿಲ್ಲ. ಅಮ್ಮ ಸುತ್ತ ನೋಡಿ, ಕಿಟಕಿಯ ಪಕ್ಕ ಕೂತು, ನಾನು ಕೊಟ್ಟ ಕಾಫಿ ಕುಡಿದಳು. ಎರಡು ರಾತ್ರಿ ಅಲ್ಲೇ ಮಲಗಿದಳು.

ಈಗ ಅವಳಿಗೆ ಕೂಡಲಿಗೆ ಹೋಗಬೇಕಂತೆ, ತುಂಗೆ ಭದ್ರೆ ಸೇರುವಲ್ಲಿ ಸ್ನಾನ ಮಾಡಬೇಕಂತೆ. ನಮ್ಮ ಜೊತೆ, ಈ ಗಾಡಿಯಲ್ಲೇ. "ಅದೆಲ್ಲ ಸರಿ ಕಣೇ, ಒಗೆದ ಸೀರೆ ಎಲ್ಲಿ ಹರವಲಿ? ನಾಯಿ ಗಾಳಿ ತಾಗಬಾರದು" ಅಂತ ಫೋನಿನಲ್ಲಿ ಕೇಳಿದಳು. ಮುಂದಿನ ಸೀಟಿನ ಹಿಂದೆ, ಚಾವಣಿಗೆ ತಾಗಿ, ಈ ಬದಿಯಿಂದ ಆ ಬದಿಗೆ ಗಳು ಕಟ್ಟಿದ್ದೇವೆ. ಇವರು ಬೆಳಗ್ಗೆಯಿಂದ ಅಂಗಳದಲ್ಲಿ ಕೂತು, ನಮ್ಮ ವ್ಯಾನಿನ ಅಳತೆಗೆ ಗಿಡ್ಡವಾಗಿ, ಮಡಿಬಟ್ಟೆಯನ್ನು ಗಳುವಿಗೆ ಏರಿಸುವ ಒಂದು ಮಡಿಕೋಲು ಕೆತ್ತುತ್ತಿದ್ದಾರೆ.