ಲಿಟರರಿ ಏಜೆಂಟ್ ಸರಿಯಿಲ್ಲವೇ? ಪುಸ್ತಕ ಬಿಡಿಸಿಕೊಂಡು ಬರುವುದು ಹೀಗೆ

ಕನ್ನಡದಲ್ಲಿ ಪುಸ್ತಕ ತರಲು ನಡುವೆ ಯಾರೂ ಬೇಕಿಲ್ಲ. ಹಸ್ತಪ್ರತಿ ಹಿಡಿದು ಪ್ರಕಾಶಕರ ಹತ್ತಿರ ಹೋಗುತ್ತೇವೆ, ಇಲ್ಲವೇ ಪರಿಚಯದವರಿಂದ ಒಂದು ಫೋನ್ ಮಾಡಿಸುತ್ತೇವೆ. ಆಯ್ತು ಅಂದರೆ ಆಯ್ತು, ಇಲ್ಲ ಅಂದರೆ ಇನ್ನೊಬ್ಬರು.

ಅದೇ ಪುಸ್ತಕ ಇಂಗ್ಲಿಷಿಗೆ ಹೋಗಿ ಲಂಡನ್ನಿನಲ್ಲೋ ನ್ಯೂಯಾರ್ಕಿನಲ್ಲೋ ಬರಬೇಕು ಅನ್ನಿ. ಆಗ ಲೆಕ್ಕ ಬೇರೆ. ಅಲ್ಲಿನ ದೊಡ್ಡ ಪ್ರಕಾಶನ ಸಂಸ್ಥೆಗಳು ಲೇಖಕರು ನೇರವಾಗಿ ಕಳಿಸಿದ್ದನ್ನು ಸಾಮಾನ್ಯವಾಗಿ ತೆರೆದೂ ನೋಡುವುದಿಲ್ಲ. ಲಿಟರರಿ ಏಜೆಂಟ್ ಮೂಲಕವೇ ಹೋಗಬೇಕು. 2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳ ಅನುವಾದ 'ಹಾರ್ಟ್ ಲ್ಯಾಂಪ್'ಗೆ ಇಂಟರ್‌ನ್ಯಾಷನಲ್ ಬೂಕರ್ ಬಂತಲ್ಲ, ಅಲ್ಲಿಂದ ನನ್ನ ಪರಿಚಯದ ಕಥೆಗಾರರು ಸಿಕ್ಕಾಗಲೆಲ್ಲ "ಏಜೆಂಟ್ ಹಿಡಿಯೋದು ಹೇಗೆ?" ಎಂದು ಕೇಳುತ್ತಾರೆ. ನನಗೆ ಚೆನ್ನಾಗಿ ಗೊತ್ತಿರುವುದು ಬಿಡುವುದು ಹೇಗೆ ಅನ್ನುವುದು. ಅದನ್ನು ಕಲಿಯಲು ಎರಡೂವರೆ ವರ್ಷ ಹಿಡಿಯಿತು.

ಮೊದಲು ಏಜೆಂಟ್ ಕೆಲಸ ಏನೆಂದು ಒಂದು ಮಾತು. ನಿಮ್ಮ ಪುಸ್ತಕಕ್ಕೆ ಹೊಂದುವ ಸಂಪಾದಕರನ್ನು ಹುಡುಕಿ ಕಳಿಸಬೇಕು. ಯಾರಾದರೂ ಒಪ್ಪಿದರೆ ದುಡ್ಡಿನ ಚೌಕಾಸಿ ಮಾಡಬೇಕು, ಒಪ್ಪಂದ ಓದಿ ತಿದ್ದಿಸಬೇಕು, ಬಂದ ಹಣದಲ್ಲಿ ತನ್ನ ಪಾಲು ಇಟ್ಟುಕೊಂಡು ಉಳಿದದ್ದನ್ನು ನಿಮಗೆ ಕೊಡಬೇಕು. ಅಮೆರಿಕ, ಬ್ರಿಟನ್‌ಗಳಲ್ಲಿ ಈ ಪಾಲು ಸಾಮಾನ್ಯವಾಗಿ ಶೇ 15. ಬೇರೆ ದೇಶದ, ಬೇರೆ ಭಾಷೆಯ ಹಕ್ಕುಗಳಿಗೆ ಅಲ್ಲಿನ ಸಬ್ ಏಜೆಂಟ್ ಪಾಲೂ ಸೇರಿ ಶೇ 20. ಅಂದರೆ 10,000 ಡಾಲರ್ ಮುಂಗಡ ಬಂದರೆ 1,500 ಅವರಿಗೆ, 8,500 ನಿಮಗೆ. ಪುಸ್ತಕ ಮಾರಾಟ ಆಗದಿದ್ದರೆ ಅವರಿಗೂ ಸೊನ್ನೆ.

ದುಡ್ಡು ಕೇಳಿದರೆ ಅಲ್ಲೇ ನಿಲ್ಲಿ

ಕಳ್ಳ ಏಜೆಂಟನ್ನು ಗುರುತಿಸುವುದು ಸುಲಭ. ಆತ ನಿಮ್ಮಿಂದ ಮೊದಲೇ ದುಡ್ಡು ಕೇಳುತ್ತಾನೆ. ಹಸ್ತಪ್ರತಿ ಓದಲು ಶುಲ್ಕ, "ನಮ್ಮದೇ ಎಡಿಟರ್ ಇದ್ದಾರೆ, ಅವರ ಹತ್ತಿರ ತಿದ್ದಿಸಿ" ಎಂಬ ಸಲಹೆ, ಕೊನೆಗೆ ಅಚ್ಚಿನ ಖರ್ಚು ಲೇಖಕರೇ ಕೊಡಬೇಕಾದ ಒಂದು ಪ್ರಕಾಶನಕ್ಕೆ ಪುಸ್ತಕ "ಮಾರಿಕೊಡುವುದು". ಅಮೆರಿಕದ ಏಜೆಂಟರ ಸಂಘದ ನೀತಿಸಂಹಿತೆಯೇ ಓದುವ ಶುಲ್ಕ ಬೇಡ ಎನ್ನುತ್ತದೆ. ಇಂಥವರ ಬಗ್ಗೆ ಎಚ್ಚರಿಸಲೆಂದೇ 1998ರಿಂದ 'ರೈಟರ್ ಬಿವೇರ್' ಎಂಬ ತಂಡ ಅಲ್ಲಿ ಕೆಲಸ ಮಾಡುತ್ತಿದೆ. ಸಹಿ ಹಾಕುವ ಮೊದಲು ಏಜೆಂಟ್ ಹೆಸರನ್ನು ಅವರ ಬರಹಗಳಲ್ಲಿ ಹುಡುಕಿ ನೋಡಿ. ಪುಕ್ಕಟೆ.

ಇಮೇಲ್ ವಿಳಾಸವನ್ನೂ ಅಕ್ಷರ ಅಕ್ಷರ ಓದಿ. ಲಂಡನ್ನಿನ ಪ್ರಕಾಶನ ಸಂಸ್ಥೆಯೊಂದರ ನೌಕರ ಫಿಲಿಪ್ಪೊ ಬರ್ನಾರ್ಡಿನಿ ಎಂಬಾತ ಏಜೆಂಟರ, ಸಂಪಾದಕರ ಹೆಸರಿನಲ್ಲಿ ಮೇಲ್ ಕಳಿಸಿ ವರ್ಷಗಟ್ಟಲೆ ಹಸ್ತಪ್ರತಿ ಲಪಟಾಯಿಸಿದ. ಇಂಗ್ಲಿಷಿನ 'ಎಂ' ಇರಬೇಕಾದ ಕಡೆ 'ಆರ್', 'ಎನ್' ಪಕ್ಕಪಕ್ಕ ಇಡುತ್ತಿದ್ದ. ಬರಿಗಣ್ಣಿಗೆ ವ್ಯತ್ಯಾಸವೇ ಕಾಣುವುದಿಲ್ಲ. 2022ರಲ್ಲಿ ನ್ಯೂಯಾರ್ಕಿನಲ್ಲಿ ಸಿಕ್ಕಿಬಿದ್ದ, ಮರುವರ್ಷ ತಪ್ಪೊಪ್ಪಿಕೊಂಡ.

ಒಳ್ಳೆಯ ಹೆಸರಿದ್ದ ಮಾತ್ರಕ್ಕೆ ದುಡ್ಡು ಭದ್ರ ಅಂದುಕೊಳ್ಳಬೇಡಿ. ನ್ಯೂಯಾರ್ಕಿನ ಡೊನಾಡಿಯೊ ಅಂಡ್ ಓಲ್ಸನ್ ಹಳೆಯ, ಮರ್ಯಾದೆಯ ಏಜೆನ್ಸಿಯಾಗಿತ್ತು. ಅಲ್ಲಿನ ಲೆಕ್ಕ ಬರೆಯುವವನು ವರ್ಷಗಳ ಕಾಲ ಒಟ್ಟು 34 ಲಕ್ಷ ಡಾಲರ್ ನುಂಗಿದ್ದು 2018ರಲ್ಲಿ ಬಯಲಾಯಿತು. ಕಾದಂಬರಿಕಾರ ಚಕ್ ಪಾಲನಿಕ್ ಹೆಚ್ಚುಕಡಿಮೆ ಬರಿಗೈ ಆದರು. ದುಡ್ಡು ಯಾಕೆ ಬರುತ್ತಿಲ್ಲ ಎಂಬುದಕ್ಕೆ ಅಷ್ಟು ದಿನ ಒಂದಲ್ಲ ಒಂದು ಸಬೂಬು ಸಿಗುತ್ತಲೇ ಇತ್ತು. ಇದಕ್ಕೆ ಮದ್ದು ಒಪ್ಪಂದದಲ್ಲೇ ಇದೆ. ನಿಮ್ಮ ಪಾಲನ್ನು ಪ್ರಕಾಶಕರು ನೇರ ನಿಮಗೆ, ಏಜೆಂಟ್ ಪಾಲನ್ನು ನೇರ ಏಜೆಂಟಿಗೆ ಕಳಿಸುವಂತೆ ಬರೆಸಿಕೊಳ್ಳಬಹುದು. ಎಲ್ಲರೂ ಒಪ್ಪುವುದಿಲ್ಲ, ಆದರೂ ಕೇಳಿ. ರಾಯಲ್ಟಿ ಲೆಕ್ಕದ ಪ್ರತಿಯಾದರೂ ಪ್ರಕಾಶಕರಿಂದ ನಿಮಗೆ ನೇರ ಬರಲಿ.

ಬರೀ ನಿಧಾನವೋ, ನಿಜಕ್ಕೂ ಕೆಟ್ಟವರೋ?

ನಮ್ಮಂಥವರು ಸಾಮಾನ್ಯವಾಗಿ ಕಳ್ಳರ ಕೈಗೆ ಬೀಳುವುದಿಲ್ಲ. ಸುಮ್ಮನಿರುವವರ ಕೈಗೆ ಬೀಳುತ್ತೇವೆ. ಅವರನ್ನು ಗುರುತಿಸುವುದೇ ಕಷ್ಟ. ಏಕೆಂದರೆ ಈ ವ್ಯವಹಾರವೇ ಆಮೆ ನಡಿಗೆಯದು. ಒಬ್ಬ ಸಂಪಾದಕ ಒಂದು ಹಸ್ತಪ್ರತಿ ಓದಿ ಉತ್ತರ ಕೊಡಲು ಮೂರು ತಿಂಗಳು, ಆರು ತಿಂಗಳು ತೆಗೆದುಕೊಳ್ಳುವುದು ಮಾಮೂಲು. ಅಕ್ಟೋಬರಿನಲ್ಲಿ ಫ್ರಾಂಕ್‌ಫರ್ಟ್ ಪುಸ್ತಕ ಮೇಳ ಇದ್ದಾಗ ಏಜೆಂಟ್ ನಿಮ್ಮ ಮೇಲ್‌ಗೆ ಎರಡು ವಾರ ಉತ್ತರ ಕೊಡದಿದ್ದರೆ ಕೋಪ ಮಾಡಿಕೊಳ್ಳಬೇಡಿ. ತಿರಸ್ಕಾರ ಜಾಸ್ತಿ ಬಂದರೂ ಏಜೆಂಟ್ ಕೆಟ್ಟವರು ಎಂದಾಗಲಿಲ್ಲ. ಪುಸ್ತಕದ್ದೇ ತೊಂದರೆ ಇರಬಹುದು. ಹೇಳಲು ಸಂಕಟವೇ, ಆದರೂ ಹೇಳಬೇಕು.

ನನಗೆ ಆಗಿದ್ದು ಬೇರೆ. ನನ್ನ ಒಂಬತ್ತು ಕಥೆಗಳನ್ನು ಮೈಸೂರಿನ ಗೆಳತಿಯೊಬ್ಬರು ಇಂಗ್ಲಿಷಿಗೆ ತಂದಿದ್ದರು. ಏಜೆನ್ಸಿಯೊಂದು ಒಪ್ಪಿಕೊಂಡಿತು. ಮೊದಲ ಮೂರು ತಿಂಗಳು ವಾರಕ್ಕೆರಡು ಮೇಲ್. ಆಮೇಲೆ ತಿಂಗಳಿಗೊಂದು. ಆಮೇಲೆ ನಾನು ಮೂರು ಬರೆದರೆ ಒಂದಕ್ಕೆ ಉತ್ತರ: "ಎಲ್ಲ ಕಡೆ ಒಳ್ಳೆ ಪ್ರತಿಕ್ರಿಯೆ ಇದೆ." ಎಲ್ಲಿ, ಯಾರು, ಯಾವಾಗ? ಅದು ಮಾತ್ರ ಇಲ್ಲ. ನಾನೂ ಸಂಕೋಚದ ಪ್ರಾಣಿ. ದೊಡ್ಡವರು, ಕೇಳಿದರೆ ಎಲ್ಲಿ ಬೇಜಾರು ಮಾಡಿಕೊಳ್ಳುತ್ತಾರೋ ಎಂದು ಸುಮ್ನೆ ಇದ್ದೆ.

ಮದುವೆ ಬ್ರೋಕರ್ ನೆನಪು ಮಾಡಿಕೊಳ್ಳಿ. ಜಾತಕ, ಫೋಟೊ ತೆಗೆದುಕೊಂಡು ಹೋದ. ಆರು ತಿಂಗಳಾದ ಮೇಲೆ "ನೋಡ್ತಾ ಇದೀವಿ ಅಮ್ಮಾ, ಒಳ್ಳೊಳ್ಳೆ ಮನೆಗಳು" ಅನ್ನುತ್ತಾನೆ. ಅಮ್ಮ ಏನು ಕೇಳುತ್ತಾರೆ? "ಯಾರ್ಯಾರ ಮನೆಗೆ ತೋರಿಸಿದ್ರಿ, ಹೆಸರು ಹೇಳಿ" ಅನ್ನುತ್ತಾರೆ. ನಾವು ಕೇಳಬೇಕಾದ್ದೂ ಇದನ್ನೇ.

ಪಟ್ಟಿ ಕೇಳಿ

ಉಳಿದದ್ದೆಲ್ಲ ಮರೆತರೂ ಇದನ್ನು ಮರೆಯಬೇಡಿ. ನಿಮ್ಮ ಹಸ್ತಪ್ರತಿ ಎಲ್ಲೆಲ್ಲಿಗೆ ಹೋಗಿದೆ ಎಂಬ ಪಟ್ಟಿಯನ್ನು ಬರವಣಿಗೆಯಲ್ಲಿ ಕೇಳಿ. ಪ್ರಕಾಶನ ಸಂಸ್ಥೆ, ಅದರೊಳಗಿನ ಇಂಪ್ರಿಂಟ್ (ಅದೇ ಸಂಸ್ಥೆ ಬೇರೆ ಹೆಸರಿನಲ್ಲಿ ಪುಸ್ತಕ ತರುವ ವಿಭಾಗ), ಸಂಪಾದಕರ ಹೆಸರು, ಕಳಿಸಿದ ತಾರೀಕು, ಬಂದ ಉತ್ತರ. ಐದು ಕಾಲಂ, ಅಷ್ಟೇ. ನೆಟ್ಟಗೆ ಕೆಲಸ ಮಾಡುವ ಏಜೆಂಟ್ ಹತ್ತಿರ ಇದು ಸಿದ್ಧವಾಗಿಯೇ ಇರುತ್ತದೆ, ಕೇಳಿದ ದಿನವೇ ಕಳಿಸಬಲ್ಲರು. "ಇಂಥ ತಾರೀಕಿನೊಳಗೆ ಕಳಿಸಿ" ಎಂದು ಎರಡು ವಾರದ ಗಡುವು ಕೊಡಿ. "ಅದು ನಮ್ಮ ಒಳಗಿನ ಮಾಹಿತಿ" ಎಂದು ಉತ್ತರ ಬಂದರೆ ನಿಮಗೆ ಬೇಕಾದ ಉತ್ತರ ಸಿಕ್ಕಿತು ಅಂತಲೇ ಲೆಕ್ಕ.

ಪಟ್ಟಿ ಬಂದರೆ ಕೂತು ಓದಿ. ನನ್ನದು ಮೂರನೇ ಸಲ ಕೇಳಿದ ಮೇಲೆ ಬಂತು. ಹನ್ನೊಂದು ಹೆಸರು. ಏಳಕ್ಕೆ ಒಂದೇ ದಿನ ಮೇಲ್ ಹೋಗಿತ್ತು, ಕಡಲೆಕಾಯಿ ಎರಚಿದ ಹಾಗೆ. ಒಬ್ಬ ಸಂಪಾದಕಿ ಅದಕ್ಕೆ ಹಿಂದಿನ ವರ್ಷವೇ ಕೆಲಸ ಬಿಟ್ಟಿದ್ದರು. ಒಂದು ಇಂಪ್ರಿಂಟ್ ಪುಟ್ಟ ಮಕ್ಕಳ ಚಿತ್ರಪುಸ್ತಕ ಮಾತ್ರ ತರುವಂಥದ್ದು. ನನ್ನ ಕಥೆಗಳಲ್ಲಿ ಮೂರು ಸಾವು, ಒಂದು ಜಮೀನು ವ್ಯಾಜ್ಯ. ಕೊನೆಯ ತಾರೀಕಿಗೂ ಪಟ್ಟಿ ನನ್ನ ಕೈಗೆ ಬಂದ ದಿನಕ್ಕೂ ನಡುವೆ ಹತ್ತೊಂಬತ್ತು ತಿಂಗಳು ಖಾಲಿ.

ಪಟ್ಟಿಗೆ ಇಷ್ಟೊಂದು ಬೆಲೆ ಯಾಕೆ ಅಂದರೆ, ಮುಂದಿನ ಏಜೆಂಟ್ ಮೊದಲು ಕೇಳುವುದು ಅದನ್ನೇ. ಒಂದು ಸಂಸ್ಥೆ ಬೇಡ ಅಂದ ಪುಸ್ತಕವನ್ನು ಮತ್ತೆ ಅಲ್ಲಿಗೆ ಒಯ್ಯುವುದು ಬಲು ಕಷ್ಟ. ಹಳೆಯ ಏಜೆಂಟ್ ಮೂವತ್ತು ಬಾಗಿಲು ಬಡಿದು ಕೆಡಿಸಿದ್ದರೆ ಹೊಸಬರಿಗೆ ಹೋಗಲು ಜಾಗವೇ ಉಳಿದಿರುವುದಿಲ್ಲ. ಕೆಟ್ಟ ಏಜೆಂಟ್ ಮಾಡುವ ನಿಜವಾದ ನಷ್ಟ ಇದು.

ಒಂದು ಸಲ ಮಾತಾಡಿ

ಪಟ್ಟಿ ನೋಡಿದ ಮೇಲೂ ತಕ್ಷಣ ಬಿಡಬೇಡಿ. ಒಂದು ಫೋನ್ ಅಥವಾ ಜೂಮ್ ಮಾತುಕತೆ ಕೇಳಿ. ಮುಂದೆ ಯಾರಿಗೆ ಕಳಿಸುತ್ತೀರಿ, ಪುಸ್ತಕದಲ್ಲಿ ಏನಾದರೂ ತಿದ್ದಬೇಕೇ, ನಿಮಗೆ ಇದರ ಮೇಲೆ ಇನ್ನೂ ಆಸಕ್ತಿ ಇದೆಯೇ, ಈ ಮೂರು ಕೇಳಿದರೆ ಸಾಕು. ಮಾತಾಡಿದ್ದನ್ನು ಅದೇ ದಿನ ನಾಲ್ಕು ಸಾಲಿನ ಮೇಲ್ ಮಾಡಿ ಕಳಿಸಿ. ಕೆಲವು ಏಜೆಂಟರು ಈ ಮಾತಿನ ನಂತರ ಚುರುಕಾಗುವುದೂ ಉಂಟು. ನನ್ನವರು "ಖಂಡಿತ, ಖಂಡಿತ" ಎಂದು ಮತ್ತೆ ಮಾಯವಾದರು.

ಒಪ್ಪಂದ ತೆಗೆದು ಓದಿ

ಸಹಿ ಹಾಕುವಾಗ ನಾವ್ಯಾರೂ ಓದಿರುವುದಿಲ್ಲ, ಅಲ್ವಾ? ಈಗ ಓದಿ. ಹುಡುಕಬೇಕಾದ್ದು ಮುಖ್ಯವಾಗಿ ಇಷ್ಟು. ನೋಟಿಸ್ ಅವಧಿ ಎಷ್ಟು? ಸಾಮಾನ್ಯವಾಗಿ 30ರಿಂದ 90 ದಿನ ಇರುತ್ತದೆ. ಒಪ್ಪಂದ ಈ ಒಂದು ಪುಸ್ತಕಕ್ಕೋ, ನೀವು ಮುಂದೆ ಬರೆಯುವ ಎಲ್ಲದಕ್ಕೋ? ಬಿಟ್ಟ ಮೇಲೆ ಎಷ್ಟು ದಿನದವರೆಗೆ ಅವರಿಗೆ ಕಮಿಷನ್? ಅವರು ಆಗಲೇ ಮಾರಿಕೊಟ್ಟ ಪುಸ್ತಕದ ಕಮಿಷನ್ ಆ ಪ್ರಕಾಶನ ಒಪ್ಪಂದ ಇರುವಷ್ಟು ಕಾಲವೂ ಅವರಿಗೇ ಹೋಗುತ್ತದೆ. ಅದು ನ್ಯಾಯ, ತಕರಾರು ಬೇಡ. ಅವರು ಕಳಿಸಿದ ಸಂಪಾದಕರೇ ನೀವು ಬಿಟ್ಟ ಕೆಲವು ತಿಂಗಳೊಳಗೆ ಒಪ್ಪಿದರೆ ಪಾಲು ಕೇಳುವುದೂ ಸರಿ. ಆದರೆ ಪುಸ್ತಕದ ಹಕ್ಕು ಇರುವಷ್ಟು ಕಾಲ, ಯಾರು ಮಾರಿದರೂ ನಮಗೆ ಕಮಿಷನ್ ಎಂದು ಬರೆದಿದ್ದರೆ ಅದು ಉರುಳು. 'ಏಜೆನ್ಸಿ ಕಪಲ್ಡ್ ವಿತ್ ಆನ್ ಇಂಟರೆಸ್ಟ್' ಎಂಬ ಸಾಲು ಕಂಡರೆ ವಕೀಲರಿಗೆ ತೋರಿಸಿ. ನಿಮ್ಮ ಕೃತಿಯಲ್ಲೇ ತಮಗೆ ಪಾಲಿದೆ ಎನ್ನುವ ದಾರಿ ಅದು. ಅಂಥ ಏಜೆನ್ಸಿಯನ್ನು ಸುಲಭಕ್ಕೆ ಮುಗಿಸಲಾಗದು ಎಂದು ನಮ್ಮ 1872ರ ಕರಾರು ಕಾಯ್ದೆಯ 202ನೇ ಸೆಕ್ಷನ್ ಕೂಡ ಹೇಳುತ್ತದೆ.

ಅದೇ ಕಾಯ್ದೆ ನಮ್ಮ ಪರವಾಗಿಯೂ ಇದೆ. ಭಾರತದ ಏಜೆಂಟ್ ಜೊತೆ ಇಲ್ಲಿನ ಕಾನೂನಿನಡಿ ಒಪ್ಪಂದ ಆಗಿದ್ದರೆ, ಕೇಳಿದಾಗ ಸರಿಯಾದ ಲೆಕ್ಕ ಒಪ್ಪಿಸುವುದು ಏಜೆಂಟ್ ಕರ್ತವ್ಯ (ಸೆಕ್ಷನ್ 213). ನಿಮ್ಮ ಲೆಕ್ಕಕ್ಕೆ ಬಂದ ಹಣವನ್ನು ನಿಮಗೆ ಕೊಡಬೇಕು (ಸೆಕ್ಷನ್ 218). ಪತ್ರದಲ್ಲಿ ಈ ಎರಡು ನಂಬರ್ ಬರೆದರೆ ಉತ್ತರ ಬೇಗ ಬರುತ್ತದೆ.

ಹೊಸದಾಗಿ ಯಾವ ಕಾಗದ ಕೊಟ್ಟರೂ ಈ ಸಮಯದಲ್ಲಿ ಸಹಿ ಹಾಕಬೇಡಿ. 'ಟು ಕಿಲ್ ಎ ಮಾಕಿಂಗ್‌ಬರ್ಡ್' ಬರೆದ ಹಾರ್ಪರ್ ಲೀ ಗೊತ್ತಲ್ಲ. ಕಣ್ಣು, ಕಿವಿ ಮಂದವಾಗಿದ್ದ ವಯಸ್ಸಿನಲ್ಲಿ, 2007ರಲ್ಲಿ, ತಮ್ಮನ್ನು ಮೋಸಗೊಳಿಸಿ ಆ ಕಾದಂಬರಿಯ ಕಾಪಿರೈಟನ್ನೇ ಬರೆಸಿಕೊಳ್ಳಲಾಯಿತು ಎಂದು ಅವರು 2013ರಲ್ಲಿ ತಮ್ಮ ಏಜೆಂಟ್ ಮೇಲೆ ಮೊಕದ್ದಮೆ ಹೂಡಿದರು. ಅದೇ ವರ್ಷ ರಾಜಿಯಲ್ಲಿ ಮುಗಿಯಿತು. ಏಜೆಂಟಿಗೆ ಕೊಡುವುದು ನಿಮ್ಮ ಪರವಾಗಿ ಮಾತಾಡುವ ಅಧಿಕಾರ. ಕಾಪಿರೈಟ್ ಎಂದೂ ಅಲ್ಲ.

ಬಿಡುವ ಪತ್ರ

ಚಿಕ್ಕದಾಗಿರಲಿ. ಇಂಥ ದಿನ ಮಾಡಿಕೊಂಡ ಒಪ್ಪಂದವನ್ನು ಇಂಥ ಕಲಮಿನ ಪ್ರಕಾರ ಮುಗಿಸುತ್ತಿದ್ದೇನೆ, ನೋಟಿಸ್ ಅವಧಿ ಇಂಥ ದಿನ ಮುಗಿಯುತ್ತದೆ. ಇಂದಿನಿಂದ ಹೊಸದಾಗಿ ಯಾರಿಗೂ ಕಳಿಸಬೇಡಿ. ಇನ್ನೂ ಉತ್ತರ ಬಾರದ ಕಡೆಗಳ ಹೆಸರು ಕೊಡಿ, ಪೂರ್ತಿ ಪಟ್ಟಿ ಕಳಿಸಿ, ಇಷ್ಟು ದಿನಕ್ಕೆ ಧನ್ಯವಾದ. ಮುಗಿಯಿತು. ಎರಡೂವರೆ ವರ್ಷದ ಹೊಟ್ಟೆಯುರಿಯನ್ನು ಬೇರೆ ಕಾಗದದಲ್ಲಿ ಬರೆದು ಮೇಜಿನ ಖಾನೆಯಲ್ಲಿಡಿ. ನಾನು ಇಟ್ಟಿದ್ದೇನೆ, ಚೆನ್ನಾಗಿ ಬಂದಿದೆ. ಫೇಸ್‌ಬುಕ್ಕಿಗೆ ಹಾಕಬೇಡಿ. ಪತ್ರ ಅಂಚೆಯಲ್ಲೂ ಬರಬೇಕು ಎಂದು ಒಪ್ಪಂದದಲ್ಲಿದ್ದರೆ ಮೇಲ್ ಜೊತೆ ಸ್ಪೀಡ್ ಪೋಸ್ಟ್ ಕೂಡ ಮಾಡಿ.

ಅನುವಾದಿತ ಪುಸ್ತಕವಾದರೆ ಇನ್ನೊಂದು ಗಂಟು ಇದೆ. ಅನುವಾದಕ್ಕೆ ಅನುವಾದಕರದ್ದೇ ಕಾಪಿರೈಟ್ ಇರುತ್ತದೆ. ನಮ್ಮ ಗೆಳತಿ ಅದೇ ಏಜೆನ್ಸಿ ಜೊತೆ ಪ್ರತ್ಯೇಕ ಸಹಿ ಹಾಕಿದ್ದರು. ನಾನೊಬ್ಬನೇ ಬಿಟ್ಟಿದ್ದರೆ ಕನ್ನಡ ಕಥೆ ನನ್ನ ಕೈಲಿ, ಇಂಗ್ಲಿಷ್ ಕಥೆ ಏಜೆನ್ಸಿ ಕೈಲಿ ಉಳಿಯುತ್ತಿತ್ತು. ಇಬ್ಬರೂ ಕೂತು ಒಂದೇ ದಿನ, ಒಂದೇ ಗಂಟೆಗೆ ಪತ್ರ ಕಳಿಸಿದೆವು.

ಆಮೇಲೆ

ನೋಟಿಸ್ ಅವಧಿ ಮುಗಿಯುವವರೆಗೆ ಬೇರೆ ಏಜೆಂಟರನ್ನು ಸಂಪರ್ಕಿಸಬೇಡಿ. ಈ ಲೋಕ ಚಿಕ್ಕದು, ಸುದ್ದಿ ಬೇಗ ಹರಡುತ್ತದೆ. ಹೊಸಬರಿಗೆ ಬರೆಯುವಾಗ "ಮೊದಲು ಒಬ್ಬ ಏಜೆಂಟ್ ಇದ್ದರು, ಇಬ್ಬರೂ ಸ್ನೇಹದಿಂದಲೇ ಬೇರೆಯಾದೆವು, ಹಸ್ತಪ್ರತಿ ಹನ್ನೊಂದು ಕಡೆ ಹೋಗಿದೆ, ಪಟ್ಟಿ ಇದೆ" ಎಂದು ಎರಡು ಸಾಲಿನಲ್ಲಿ ಹೇಳಿಬಿಡಿ. ಮುಚ್ಚಿಟ್ಟರೆ ಆಮೇಲೆ ಹೊರಬರುತ್ತದೆ, ಆಗ ಇನ್ನೂ ಕಷ್ಟ. ಹೊಸ ಪುಸ್ತಕ ಸಿದ್ಧ ಇದ್ದರೆ ಅದನ್ನೇ ಮುಂದಿಡಿ. ಯಾರೂ ನೋಡದ ಹಸ್ತಪ್ರತಿಗೆ ಬಾಗಿಲು ಬೇಗ ತೆರೆಯುತ್ತದೆ. ಭಾರತದಲ್ಲಿ ಮಾತ್ರ ಪ್ರಕಟಿಸಬೇಕು ಅಂದರೆ ಏಜೆಂಟ್ ಬೇಕೇ ಎಂದು ಇನ್ನೊಮ್ಮೆ ಯೋಚಿಸಿ. ಇಲ್ಲಿ ಹಲವು ಇಂಗ್ಲಿಷ್ ಪ್ರಕಾಶಕರು ಲೇಖಕರಿಂದ ನೇರವಾಗಿಯೂ ತೆಗೆದುಕೊಳ್ಳುತ್ತಾರೆ.

ನಮಗೆ ಹೊಸ ಏಜೆಂಟ್ ಸಿಗಲು ಏಳು ತಿಂಗಳು ಹಿಡಿಯಿತು. ಮೊದಲ ಮಾತುಕತೆಯಲ್ಲಿ ಆಕೆ ಪಟ್ಟಿಯನ್ನು ಒಂದೊಂದೇ ಸಾಲು ಓದುತ್ತಾ ಬಂದರು. ಚಿತ್ರಪುಸ್ತಕದ ಇಂಪ್ರಿಂಟ್ ಹತ್ತಿರ ನಿಂತರು. "ಕಥೆಗಳಲ್ಲಿ ಮೊಲ ಏನಾದರೂ ಇದೆಯಾ?" ಎಂದು ಕೇಳಿದರು. ಇಲ್ಲ, ಒಂದು ಎಮ್ಮೆ ಇದೆ, ಅದೂ ಎರಡನೇ ಪುಟದಲ್ಲೇ ಸಾಯುತ್ತದೆ ಎಂದೆ.